ಅಂಜುವ ನಾಯಿಗೆ ಮನೆ ಹುಡುಕುವಾಗ

"ನಾವು ಅದಕ್ಕೆ ತುಂಬಾ ಪ್ರೀತಿ ಕೊಡ್ತೀವಿ."

ನಾಯಿಯನ್ನು ದತ್ತು ಕೇಳಿಕೊಂಡು ಬರುವವರಲ್ಲಿ ಬಹುಪಾಲು ಜನ ಮೊದಲು ಹೇಳುವ ಮಾತು ಇದು. ಮನಸಾರೆ ಹೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಬೇರೆ ಯಾವ ನಾಯಿಯ ವಿಷಯದಲ್ಲಾದರೂ ಈ ಮಾತು ಕೇಳಿದರೆ ನನಗೆ ಅರ್ಧ ನೆಮ್ಮದಿ ಸಿಕ್ಕಿಬಿಡುತ್ತಿತ್ತು. ಚುಕ್ಕಿಯ ವಿಷಯದಲ್ಲಿ ಮಾತ್ರ ಕೂಡಲೇ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: "ಅವಳಿಗೆ ನಿಮ್ಮ ಪ್ರೀತಿ ಸದ್ಯಕ್ಕೆ ಬೇಡ ಅಂತಿದ್ದರೆ?"

ಈ ಪ್ರಶ್ನೆಗೆ ಜನ ಹೇಗೆ ಉತ್ತರಿಸುತ್ತಾರೆ ಅನ್ನುವುದರ ಮೇಲೆಯೇ ನಾನು ಅವಳಿಗೆ ಮನೆ ಆರಿಸಿದ್ದು ಎಂದರೂ ತಪ್ಪಿಲ್ಲ.

ಚುಕ್ಕಿ ಕಪ್ಪು ಬಣ್ಣದ, ಎದೆಯ ಮೇಲೆ ಬಿಳಿ ಮಚ್ಚೆಯಿರುವ ಮಧ್ಯಮ ಗಾತ್ರದ ಹೆಣ್ಣು ನಾಯಿ. ಮರಿ ಹಾಕಿಸುವುದಕ್ಕೆಂದೇ ಹಲವು ನಾಯಿಗಳನ್ನು ಕೂಡಿಹಾಕಿದ್ದ ಜಾಗದಿಂದ ಬಿಡಿಸಿ ತಂದು ಅವಳನ್ನು ಪ್ರಾಣಿಗಳ ಆಶ್ರಯತಾಣವಾದ ಶೆಲ್ಟರ್‌ಗೆ ಸೇರಿಸಿದ್ದರು. ಅಲ್ಲಿಂದ ಫಾಸ್ಟರ್‌ಗೆಂದು ನನ್ನಲ್ಲಿಗೆ ಬಂದಳು. ಕಾಯಂ ಮನೆ ಸಿಗುವವರೆಗೆ ನೋಡಿಕೊಳ್ಳುವುದು, ಅಷ್ಟರಲ್ಲಿ ಅವಳು ಎಂಥವಳು ಎಂದು ತಿಳಿದುಕೊಳ್ಳುವುದು ನನ್ನ ಪಾಲಿನ ಕೆಲಸ. ಮನೆ ಅನ್ನುವುದೇ ಅವಳಿಗೆ ಗೊತ್ತಿರದ ಸಂಗತಿ. ನುಣುಪಾದ ನೆಲ, ಮೆಟ್ಟಿಲು, ಕನ್ನಡಿ, ತಲೆಯ ಮೇಲೆ ತಿರುಗುವ ಫ್ಯಾನು, ಇದ್ದಕ್ಕಿದ್ದಂತೆ ಸದ್ದು ಮಾಡುವ ಬಟ್ಟೆ ಒಗೆಯುವ ಯಂತ್ರ, ಎಲ್ಲವೂ ಮೊದಲ ಸಲ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯೊಂದನ್ನು ಹುಡುಕಿಕೊಂಡು ಅಲ್ಲಿಯೇ ಉಳಿದಳು. ಊಟ ಇಟ್ಟು ನಾನು ಕೋಣೆ ಬಿಟ್ಟು ಹೋದ ಮೇಲೆ, ರಾತ್ರಿ ಎಲ್ಲ ಸದ್ದಡಗಿದ ಮೇಲೆ ತಿನ್ನುತ್ತಿದ್ದಳು.

ಅವಳನ್ನು ನೋಡಲು ಬಂದವರು ಹೇಳುತ್ತಿದ್ದುದು ಒಂದೇ ಮಾತು: "ಪಾಪ, ಎಷ್ಟು ಸಾಧು! ಮುಟ್ಟಿದರೂ ಏನೂ ಮಾಡಲ್ಲ."

ಮುಟ್ಟಿದರೂ ಏನೂ ಮಾಡುತ್ತಿರಲಿಲ್ಲ, ನಿಜ. ಬಾಲ ಹೊಟ್ಟೆಗೆ ಅಂಟಿರುತ್ತಿತ್ತು, ಕಿವಿ ತಲೆಗೆ ಒತ್ತಿಕೊಂಡಿರುತ್ತಿತ್ತು. ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಿನಲ್ಲಿ ಕೈಯನ್ನೇ ನೋಡುತ್ತಿದ್ದಳು. ಒಮ್ಮೆ ತುಟಿ ನೆಕ್ಕುವುದು, ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಸುವುದು, ಸೆಕೆಯಿಲ್ಲದಿದ್ದರೂ ಏದುಸಿರು. ಆಮೇಲೆ ಅದೂ ನಿಂತು, ಮೈ ಮರಗಟ್ಟಿದಂತೆ ಸ್ತಬ್ಧ. ನಾಯಿಗಳೊಂದಿಗೆ ಕೆಲಸ ಮಾಡುವವರು ಇದನ್ನು 'ಫ್ರೀಜ್ ಆಗೋದು' ಅನ್ನುತ್ತಾರೆ. ಓಡಲು ದಾರಿಯಿಲ್ಲ, ಎದುರಿಸಲು ಧೈರ್ಯವಿಲ್ಲ ಎಂದಾದಾಗ ದೇಹ ಮಾಡುವ ಕೊನೆಯ ಉಪಾಯ ಅದು. ಹೊರಗಿನವರ ಕಣ್ಣಿಗೆ ಮಾತ್ರ ಅದು ಒಳ್ಳೆಯ ನಡತೆಯಂತೆ ಕಾಣುತ್ತದೆ. ಬೊಗಳುವ, ಗುರುಗುಟ್ಟುವ ನಾಯಿಯ ಭಯ ಎಲ್ಲರಿಗೂ ಗೊತ್ತಾಗುತ್ತದೆ; ಅದರಿಂದ ಜನ ತಾವಾಗಿಯೇ ದೂರ ಸರಿಯುತ್ತಾರೆ. ಸುಮ್ಮನಿರುವ ನಾಯಿಯ ಭಯ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಅದನ್ನು ಎತ್ತಿಕೊಳ್ಳುತ್ತಾರೆ, ಅಪ್ಪಿಕೊಳ್ಳುತ್ತಾರೆ, ಪಕ್ಕದಲ್ಲಿ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ.

ಈ ಸುಮ್ಮನಿರುವಿಕೆಯ ಬಗ್ಗೆ ವಿಜ್ಞಾನಕ್ಕೆ ಗೊತ್ತಾದದ್ದೂ ನಾಯಿಗಳಿಂದಲೇ, ಅದೂ ನಾಯಿಗಳ ಮೇಲೆ ನಡೆದ ಕ್ರೂರ ಪ್ರಯೋಗಗಳಿಂದ. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಅಧ್ಯಯನ ಮನಶ್ಶಾಸ್ತ್ರದ ಪಠ್ಯಗಳಲ್ಲೆಲ್ಲ ಇದೆ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳನ್ನು, ಆಮೇಲೆ ಒಂದು ತಡೆಯನ್ನು ಹಾರಿ ಸುಲಭವಾಗಿ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರೂ ಅವುಗಳಲ್ಲಿ ಹೆಚ್ಚಿನವು ಹಾರಲಿಲ್ಲ, ಮಲಗಿ ಸಹಿಸಿಕೊಂಡವು. ಅಸಹಾಯಕತೆಯನ್ನು ಅವು ಕಲಿತಿವೆ ಎಂದು ಅವರು ಆಗ ತೀರ್ಮಾನಿಸಿದ್ದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಅಧ್ಯಯನಗಳನ್ನು ಮುಂದಿಟ್ಟುಕೊಂಡು ತಮ್ಮ ತೀರ್ಮಾನವನ್ನು ತಿದ್ದಿ ಬರೆದರು. ದೀರ್ಘಕಾಲ ಕಷ್ಟ ಬಿದ್ದಾಗ ಮುದುಡಿಕೊಳ್ಳುವುದು ಜೀವಿಗೆ ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು "ನಾನು ಏನಾದರೂ ಮಾಡಿದರೆ ಪರಿಸ್ಥಿತಿ ಬದಲಾಗುತ್ತದೆ" ಅನ್ನುವುದನ್ನು, ಎಂದು.

ಆ ನಾಯಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ಚುಕ್ಕಿಗೆ ಎಂಥ ಮನೆ ಬೇಕು ಅನ್ನುವುದು ನನಗೆ ಸ್ಪಷ್ಟವಾದದ್ದು ಆ ತಿದ್ದುಪಡಿಯನ್ನು ಓದಿದ ಮೇಲೆ. ತಾನು ಮುಖ ತಿರುಗಿಸಿದರೆ ಚಾಚಿದ ಕೈ ಹಿಂದೆ ಹೋಗುತ್ತದೆ, ತಾನು ಎದ್ದು ಹೋದರೆ ಯಾರೂ ಹಿಂದೆ ಬರುವುದಿಲ್ಲ, ತಾನು ಹತ್ತಿರ ಬಂದರೆ ಮಾತ್ರ ಹತ್ತಿರದ್ದೇನಾದರೂ ನಡೆಯುತ್ತದೆ ಎಂದು ಅವಳಿಗೆ ದಿನದಿನವೂ ತೋರಿಸಿಕೊಡುವ ಜನ ಬೇಕಿತ್ತು. ಅಂದರೆ, ಅವಳು ಬೇಡ ಅಂದದ್ದನ್ನು ಕೇಳಿಸಿಕೊಳ್ಳುವ ಮನೆ. ದೊಡ್ಡ ಮನೆ, ದೊಡ್ಡ ಅಂಗಳ, ದುಬಾರಿ ಹಾಸಿಗೆ, ಇಡೀ ದಿನ ಮುದ್ದಾಡುವಷ್ಟು ಬಿಡುವು, ಇವೆಲ್ಲ ಅದರ ಮುಂದೆ ಚಿಕ್ಕವು.

ಇಲ್ಲೊಂದು ಮಾತು ಸೇರಿಸಬೇಕು. ಅಂಜುವ ನಾಯಿ ಎಂದ ಕೂಡಲೇ ಜನ "ಯಾರೋ ಚೆನ್ನಾಗಿ ಹೊಡೆದಿದ್ದಾರೆ" ಅನ್ನುತ್ತಾರೆ. ಕೆಲವು ನಾಯಿಗಳ ವಿಷಯದಲ್ಲಿ ಅದು ನಿಜ. ಆದರೆ ಬಹಳಷ್ಟು ನಾಯಿಗಳಿಗೆ ಆದದ್ದು ಹೊಡೆತವಲ್ಲ. ಆಗಬೇಕಾದದ್ದು ಆಗದೇ ಹೋದದ್ದು. ಮರಿಗಳಿಗೆ ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡು–ಹದಿನಾಲ್ಕನೇ ವಾರದವರೆಗೆ ಒಂದು ಕಾಲಘಟ್ಟವಿರುತ್ತದೆ. ಆಗ ಕಂಡ ಮನುಷ್ಯರು, ಸದ್ದುಗಳು, ನೆಲ, ವಾಸನೆಗಳೆಲ್ಲ ಅವುಗಳ ಪಾಲಿಗೆ ಸಹಜ ಲೋಕವಾಗುತ್ತವೆ. 1961ರಲ್ಲಿ ಪ್ರಕಟವಾದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಅವರ ಅಧ್ಯಯನದಲ್ಲಿ ಮರಿಗಳನ್ನು ಎತ್ತರದ ಬೇಲಿಯೊಳಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆಸಿದ್ದರು. ಹದಿನಾಲ್ಕು ವಾರ ತುಂಬುವವರೆಗೆ ಮನುಷ್ಯರ ಸಹವಾಸವೇ ಇಲ್ಲದ ಮರಿಗಳು ಕಾಡುಪ್ರಾಣಿಗಳಂತೆ ಅಂಜುತ್ತಿದ್ದವು. ಅವನ್ನು ಯಾರೂ ಹೊಡೆದಿರಲಿಲ್ಲ. ಚುಕ್ಕಿಯ ಮರಿತನ ಹೇಗಿತ್ತೋ ಯಾರೂ ಕಂಡವರಿಲ್ಲ, ಆದರೆ ಅವಳ ಭಯದ ಸ್ವರೂಪ ನೋಡಿದರೆ ಇಂಥದ್ದೇ ಅನಿಸುತ್ತಿತ್ತು. ಒಬ್ಬ ಮನುಷ್ಯನ ಮೇಲೆ, ಒಂದು ಕೋಲಿನ ಮೇಲೆ ಇರುವ ಭಯವಲ್ಲ. ಲೋಕದ ಮೇಲೆಯೇ ಇರುವ ಅಪರಿಚಿತ ಭಾವ. ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಹೊಡೆತ ತಿಂದ ನಾಯಿಯ ಕಥೆ ಕೇಳಿದವರಿಗೆ "ನಾವು ಹೊಡೆಯಲ್ಲವಲ್ಲ, ಹಾಗಾದರೆ ಸರಿಹೋಗುತ್ತೆ" ಅನಿಸಿಬಿಡುತ್ತದೆ. ಬೇಗ ಸರಿಹೋಗದಿದ್ದಾಗ ಮನಸ್ಸು ಮುರಿಯುತ್ತದೆ.

ಶೆಲ್ಟರ್‌ನಿಂದ ನೇರವಾಗಿ ಅವಳಿಗೆ ಮನೆ ಹುಡುಕಬಹುದಿತ್ತು. ಹಾಗೆ ಮಾಡದಿದ್ದದ್ದು ಒಳ್ಳೆಯದಾಯಿತು. ಎಷ್ಟೇ ಚೆನ್ನಾಗಿ ನಡೆಸುವ ಶೆಲ್ಟರ್ ಆದರೂ ನಾಯಿಗಳನ್ನು ಇಡುವ ಕೆನಲ್‌ಗಳ ಸಾಲು, ನಿಲ್ಲದ ಬೊಗಳಾಟ, ಬಂದುಹೋಗುವ ಅಪರಿಚಿತರು, ಫಿನೈಲ್ ವಾಸನೆ ತಪ್ಪಿದ್ದಲ್ಲ. ನಾಯಿಯ ಕಿವಿಗೆ ಸುಮಾರು 45,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ, ನಮ್ಮ ಕಿವಿ 20,000ಕ್ಕೇ ನಿಲ್ಲುತ್ತದೆ. ನಮಗೆ ನಿಶ್ಶಬ್ದ ಅನಿಸುವ ಕಟ್ಟಡ ಅವುಗಳಿಗೆ ನಿಶ್ಶಬ್ದವಾಗಿರಬೇಕೆಂದೇನೂ ಇಲ್ಲ. ಶೆಲ್ಟರ್‌ಗೆ ಬಂದ ಮೊದಲ ದಿನಗಳಲ್ಲಿ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಬಹಳ ಏರಿರುವುದನ್ನು 1997ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. 2019ರಲ್ಲಿ ಲೀಸಾ ಗಂಟರ್ ಮತ್ತು ಸಂಗಡಿಗರು ಅಮೆರಿಕದ ಐದು ಶೆಲ್ಟರ್‌ಗಳ 207 ನಾಯಿಗಳನ್ನು ಒಂದೆರಡು ರಾತ್ರಿ ಜನರ ಮನೆಗಳಲ್ಲಿ ಮಲಗಲು ಬಿಟ್ಟು ಮೂತ್ರದ ಕಾರ್ಟಿಸಾಲ್ ಅಳೆದರು. ಮನೆಯಲ್ಲಿದ್ದಾಗ ಅದು ಇಳಿಯಿತು, ಮರಳಿ ಶೆಲ್ಟರ್‌ಗೆ ಹೋದ ಮೇಲೆ ಮೊದಲಿನ ಮಟ್ಟಕ್ಕೇ ಬಂತು. ಮನೆಯಲ್ಲಿ ಅವು ಇನ್ನಷ್ಟು ಹೊತ್ತು ಎಡೆಬಿಡದೆ ವಿಶ್ರಮಿಸಿದವು ಕೂಡ. ಶೆಲ್ಟರ್‌ನಲ್ಲಿ ಕಂಡ ನಾಯಿಯ ಸ್ವಭಾವವೇ ಅದರ ನಿಜಸ್ವಭಾವ ಎಂದು ತೀರ್ಮಾನಿಸಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ನನ್ನ ಮನೆಯಲ್ಲಿ ಚುಕ್ಕಿ ಯಾರೆಂದು ನಿಧಾನವಾಗಿ ತೆರೆದುಕೊಂಡಿತು. ನಾನು ನಿಂತಿದ್ದರೆ ಹೆದರಿಕೆ, ನೆಲದ ಮೇಲೆ ಬೆನ್ನು ಮಾಡಿ ಕೂತರೆ ಕಡಿಮೆ. ಬಾಗಿಲ ಕರೆಗಂಟೆಗಿಂತ ಬಾಗಿಲು ತೆರೆದು ಒಳಬರುವ ಎತ್ತರದ ಆಕೃತಿಯ ಭಯ ಹೆಚ್ಚು. ಮಳೆಕೋಟು, ಟೋಪಿ, ಕೈಯಲ್ಲಿ ಹಿಡಿದ ದೊಡ್ಡ ವಸ್ತು ಆಗದು. ಒಂದು ಸಣ್ಣ ಗಾಬರಿಯಾದ ದಿನ ಎರಡನೆಯದಕ್ಕೆ ಬೆಚ್ಚುತ್ತಾಳೆ, ಮೂರನೆಯದಕ್ಕೆ ಸಂದಿ ಸೇರುತ್ತಾಳೆ. ಒಂದೊಂದೇ ಹನಿ ಬಿದ್ದು ಲೋಟ ತುಂಬುವ ಹಾಗೆ. ಕೊನೆಯ ಹನಿ ಎಷ್ಟು ಚಿಕ್ಕದಿತ್ತು ಎಂದು ಕೇಳಿ ಪ್ರಯೋಜನವಿಲ್ಲ. ಮೂಗಿಗೆ ಕೆಲಸ ಕೊಟ್ಟರೆ ಮಾತ್ರ ಅವಳು ಬೇರೆಯೇ ನಾಯಿ. ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ತಿಂಡಿಯ ಚೂರುಗಳನ್ನು ಅಡಗಿಸಿಟ್ಟರೆ ಬಾಲ ಮೊದಲು ಸಡಿಲವಾಗುತ್ತಿತ್ತು, ಆಮೇಲೆ ಬೆನ್ನು. ಮತ್ತು ಇನ್ನೊಂದು ಬಹಳ ಮುಖ್ಯವಾದ ಸಂಗತಿ: ಬೇರೆ ನಾಯಿಗಳೆಂದರೆ ಅವಳಿಗೆ ಪ್ರಾಣ. ನಾಯಿಗಳ ನಡುವೆಯೇ ಬೆಳೆದವಳು, ನಾಯಿಗಳ ಭಾಷೆ ಅವಳಿಗೆ ಚೆನ್ನಾಗಿ ಗೊತ್ತು.

ಇದೆಲ್ಲವನ್ನೂ ದತ್ತು ಪ್ರಕಟಣೆಯಲ್ಲಿ ಬರೆದೆ. "ಮುದ್ದಾದ, ಸಾಧು ಸ್ವಭಾವದ ಹುಡುಗಿ, ಪ್ರೀತಿಯ ಮನೆಗಾಗಿ ಕಾಯುತ್ತಿದ್ದಾಳೆ" ಅಂತ ಬರೆದರೆ ನೂರು ಕರೆ ಬರುತ್ತವೆ. ನಾಯಿಗೆ ಅದರಿಂದ ಆಗುವ ಲಾಭ ಕಡಿಮೆ. ಹೀಗೆ ಬರೆದೆ: ಅಪರಿಚಿತರು ಮುಟ್ಟುವುದು ಅವಳಿಗೆ ಇಷ್ಟವಿಲ್ಲ. ತಿಂಗಳುಗಟ್ಟಲೆ ನಿಮ್ಮ ಹತ್ತಿರ ಬರದೆ ಇರಬಹುದು. ಮನೆಯಲ್ಲಿ ಸ್ನೇಹದ, ಸ್ಥಿರ ಸ್ವಭಾವದ ಇನ್ನೊಂದು ನಾಯಿ ಇರಲೇಬೇಕು. ಚಿಕ್ಕ ಮಕ್ಕಳಿರುವ ಮನೆ ಬೇಡ. ಭದ್ರವಾದ ಬೇಲಿ ಅಥವಾ ಕಾಂಪೌಂಡು ಬೇಕು, ಗದ್ದಲದ ರಸ್ತೆಗೆ ತೆರೆದುಕೊಂಡ ಬಾಗಿಲು ಬೇಡ. ಫೋಟೋ ಕೂಡ ಟವೆಲ್ ಮೂಸುತ್ತಿರುವಾಗ ದೂರದಿಂದ ತೆಗೆದದ್ದು. ಮುಖ ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ, ಆದರೆ ಅವಳು ಅವಳಾಗಿದ್ದಳು. ಇಷ್ಟು ಬರೆದರೆ ಯಾರು ಬರುತ್ತಾರೆ ಎಂದು ಗೆಳೆಯರು ಕೇಳಿದರು. ಕಡಿಮೆ ಜನ ಬಂದರು. ಬಂದವರೊಂದಿಗೆ ಮಾತಾಡುವುದಕ್ಕೆ ಪುರುಸೊತ್ತು ಸಿಕ್ಕಿತು.

ಒಬ್ಬರು ಫೋನಿನಲ್ಲೇ ಧೈರ್ಯ ಹೇಳಿದರು: "ಮನೆಯ ಯಜಮಾನ ಯಾರು ಅಂತ ನಾಯಿಗೆ ಒಂದು ಸಲ ಗೊತ್ತುಮಾಡಿಸಿದರೆ ಎಲ್ಲ ಸರಿಹೋಗುತ್ತೆ, ನಾನು ನೋಡ್ಕೋತೀನಿ." ಈ ಯಜಮಾನಿಕೆಯ ಕಲ್ಪನೆ ಬಂದದ್ದು ಸೆರೆಯಲ್ಲಿಟ್ಟ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳು ಮೇಲುಗೈಗೆ ಪೈಪೋಟಿ ನಡೆಸುವುದನ್ನು ನೋಡಿ 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದದ್ದರಿಂದ. ಕಾಡಿನ ತೋಳದ ಗುಂಪು ಎಂದರೆ ಹೆಚ್ಚಾಗಿ ತಂದೆ, ತಾಯಿ, ಮಕ್ಕಳ ಸಂಸಾರ ಎಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಅಮೆರಿಕದ ಪಶುವೈದ್ಯರ ನಡವಳಿಕೆ ಸಂಘವೂ ನಾಯಿಗಳ ತರಬೇತಿಗೆ ಬಹುಮಾನದ ದಾರಿಯೊಂದೇ ಸರಿ ಎಂದು 2021ರ ಹೇಳಿಕೆಯಲ್ಲಿ ಹೇಳಿದೆ. ಇದನ್ನೆಲ್ಲ ಅವರಿಗೂ ಹೇಳಿದೆ. ಅವರು ಸಭ್ಯವಾಗಿಯೇ ಕೇಳಿಸಿಕೊಂಡರು, ಒಪ್ಪಲಿಲ್ಲ. ಗುರುಗುಟ್ಟಿದ ನಾಯಿಗೆ ಗದರಿದರೆ ಗುರುಗುಟ್ಟುವುದು ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚಬಹುದು. ಚುಕ್ಕಿ ಇನ್ನೂ ಗುರುಗುಟ್ಟುವಷ್ಟು ಧೈರ್ಯವನ್ನೂ ಗಳಿಸಿರಲಿಲ್ಲ. ಆ ಮನೆ ಬೇಡವೆಂದೆ.

ಇನ್ನೊಂದು ಸಂಸಾರಕ್ಕೆ ಬೇಡ ಅನ್ನುವುದು ಇದಕ್ಕಿಂತ ತುಂಬಾ ಕಷ್ಟವಾಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಚಿಕ್ಕವನು ಚುಕ್ಕಿಗೆಂದು ಚಿತ್ರ ಬಿಡಿಸಿ ತಂದಿದ್ದ. ಮಕ್ಕಳಿಗೆ ಮೊದಲೇ ಹೇಳಿ ಕರೆತಂದಿದ್ದರು, ಅವರೂ ಪಾಪ ಉಸಿರು ಬಿಗಿಹಿಡಿದು ಕೂತಿದ್ದರು. ಆದರೆ ಮಕ್ಕಳು ಎಷ್ಟು ಹೊತ್ತು ಹಾಗೆ ಕೂರಬಲ್ಲರು? ಕೂರಬೇಕು ಎಂದು ಯಾಕೆ ನಿರೀಕ್ಷಿಸಬೇಕು? ಮಕ್ಕಳಿರುವ ಮನೆಯಲ್ಲಿ ಓಟ, ಕಿರುಚಾಟ, ಗೆಳೆಯರ ಬರುಹೋಗು ಇರಬೇಕಾದದ್ದೇ. ಆ ಮನೆಗೆ ಚುಕ್ಕಿ ಹೋದರೆ ಮಕ್ಕಳು ತಮ್ಮ ಮನೆಯಲ್ಲೇ ಪಿಸುಗುಟ್ಟಿಕೊಂಡು ಓಡಾಡಬೇಕಾಗುತ್ತಿತ್ತು, ಚುಕ್ಕಿ ಸಂದಿಯಲ್ಲೇ ಇರಬೇಕಾಗುತ್ತಿತ್ತು. ಆ ತಾಯಿಗೆ ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. "ನಮ್ಮಲ್ಲೇನು ಕೊರತೆ ಇದೆ?" ಎಂದು ಕೇಳಿದರು. ಏನೂ ಕೊರತೆ ಇರಲಿಲ್ಲ. ಒಳ್ಳೆಯ ಮನೆ ಮತ್ತು ಈ ನಾಯಿಗೆ ಹೊಂದುವ ಮನೆ ಎರಡೂ ಒಂದೇ ಆಗಿರಬೇಕಿಲ್ಲ. ಅದನ್ನು ಹೇಳಲು ನನಗೆ ತಿಳಿದಷ್ಟು ಮೃದುವಾದ ಮಾತುಗಳನ್ನೆಲ್ಲ ಬಳಸಿದೆ.

ನಾನು ಕೇಳುತ್ತಿದ್ದ ಪ್ರಶ್ನೆಗಳು ಅರ್ಜಿ ನಮೂನೆಯಲ್ಲಿ ಇರುವಂಥವಲ್ಲ. ಮನೆಗೆ ವಾರಕ್ಕೆ ಎಷ್ಟು ಜನ ಬರುತ್ತಾರೆ, ಅವರಲ್ಲಿ ಎಷ್ಟು ಜನ ಹೇಳದೆ ಬರುತ್ತಾರೆ? ಬಂದವರು "ನಾಯಿ ನಮಗೆ ಹೊಸದಲ್ಲ, ಬಿಡಿ" ಎನ್ನುತ್ತಾ ಕೈಚಾಚಿದರೆ ಅವರನ್ನು ತಡೆಯಲು ನಿಮ್ಮಿಂದ ಆಗುತ್ತದೆಯೇ, ಅದು ನಿಮ್ಮ ಅಣ್ಣನಾಗಿದ್ದರೂ? ಆರು ತಿಂಗಳು ಕಳೆದರೂ ಅವಳು ಸೋಫಾದ ಮೇಲೆ ನಿಮ್ಮ ಪಕ್ಕ ಬಂದು ಕೂರದಿದ್ದರೆ ನಿಮಗೆ ಏನನಿಸುತ್ತದೆ? ಊರಿಗೆ ಹೋಗಬೇಕಾಗಿ ಬಂದರೆ ಅವಳನ್ನು ನೋಡಿಕೊಳ್ಳುವವರು ಯಾರು? ಈಗಿರುವ ನಿಮ್ಮ ನಾಯಿಗೆ ನೀವು ಕೊನೆಯ ಸಲ ಸಿಟ್ಟು ಮಾಡಿದ್ದು ಯಾಕೆ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಹಳ ಹೇಳುತ್ತದೆ. "ನಾನು ಸಿಟ್ಟೇ ಮಾಡಲ್ಲ" ಅನ್ನುವವರಿಗಿಂತ, ಸ್ವಲ್ಪ ಹೊತ್ತು ಯೋಚಿಸಿ ನಿಜವಾದ ಒಂದು ಸಂದರ್ಭ ಹೇಳುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ಕೊನೆಗೆ ಅವಳನ್ನು ಕರೆದುಕೊಂಡು ಹೋದವರು ಮಧ್ಯವಯಸ್ಸಿನ ಒಬ್ಬ ಮಹಿಳೆ ಮತ್ತು ಅವರ ತಮ್ಮ. ಇಬ್ಬರೂ ಮಿತಭಾಷಿಗಳು. ಅವರ ಮನೆಯಲ್ಲಿ ಒಂದು ಹಿರಿಯ ಗಂಡು ನಾಯಿ ಇತ್ತು. ಮೊದಲ ಭೇಟಿಯಲ್ಲಿ ಆಕೆ ಒಳಬಂದು, ನಾನು ಹೇಳುವ ಮೊದಲೇ, ಚುಕ್ಕಿಯ ಸಂದಿಗೆ ಓರೆಯಾಗಿ ನೆಲದ ಮೇಲೆ ಕೂತು ನನ್ನ ಜೊತೆ ಮಾತಿಗಿಳಿದರು. ಕರೆಯಲಿಲ್ಲ, ಚಿಟಿಕೆ ಹೊಡೆಯಲಿಲ್ಲ, ಆ ಕಡೆ ನೋಡಲೂ ಇಲ್ಲ. ಮಾತಿನ ನಡುವೆ ಆಗಾಗ ಒಂದು ತಿಂಡಿಯ ಚೂರನ್ನು ಅವಳ ಕಡೆಗೆ ಉರುಳಿಸುತ್ತಿದ್ದರು, ಆದರೆ ತಮ್ಮ ಕಡೆಗೆ ಬರುವಂತೆ ಸಾಲಾಗಿ ಇಡಲಿಲ್ಲ. ಇದು ಸಣ್ಣ ವಿಷಯವಲ್ಲ. ತಿಂಡಿಯ ಆಸೆ ತೋರಿಸಿ ಹತ್ತಿರ ಎಳೆದುಕೊಂಡರೆ, ತಿಂದು ಮುಗಿದ ಮೇಲೆ ತಾನು ಭಯಪಡುವ ಮನುಷ್ಯನ ಮಗ್ಗುಲಲ್ಲೇ ಇದ್ದೇನೆ ಎಂದು ನಾಯಿಗೆ ಅರಿವಾಗಿ ಗಾಬರಿ ಹೆಚ್ಚುತ್ತದೆ. ಹೊರಟಾಗ ನಾನು ಕೇಳಿದೆ, "ಅವಳು ನಿಮ್ಮನ್ನು ನೋಡಲೇ ಇಲ್ಲವಲ್ಲ, ಬೇಸರವಾಯಿತೇ?" ಆಕೆ, "ತಿಂದಳಲ್ಲ" ಎಂದರು. ನನಗೆ ಅಷ್ಟು ಸಾಕಾಯಿತು. ಮನುಷ್ಯರು ಎದುರಿರುವಾಗ ನಾಯಿ ತಿನ್ನುತ್ತಿದೆಯೋ ಇಲ್ಲವೋ ಎಂಬುದು ಅದರ ಭಯವನ್ನು ಅಳೆಯಲು ಇರುವ ಅತ್ಯಂತ ಸರಳ ಉಪಾಯ, ಅದನ್ನು ಅವರು ಯಾರೂ ಹೇಳಿಕೊಡದೆ ಗಮನಿಸಿದ್ದರು.

ಹೆದರಿಕೆಯ ವಸ್ತುವನ್ನು ದೂರದಲ್ಲಿಟ್ಟು, ಇಷ್ಟದ್ದನ್ನು ಹತ್ತಿರ ಕೊಡುತ್ತಾ ಬಂದು, ಅಂತರವನ್ನು ನಿಧಾನವಾಗಿ ಕಡಿಮೆ ಮಾಡುವ ವಿಧಾನ ಹೊಸದೇನಲ್ಲ. 1924ರಲ್ಲಿ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್, ಮೂರು ವರ್ಷದ ಆಸುಪಾಸಿನ ಪೀಟರ್ ಎಂಬ ಹುಡುಗನ ಮೊಲದ ಭಯವನ್ನು ಕಳೆದದ್ದು ಹೀಗೆಯೇ: ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ಅವನಿಗೆ ಕಷ್ಟವಾಗದಷ್ಟು ದೂರದಲ್ಲಿಟ್ಟು, ದಿನ ಕಳೆದಂತೆ ಹತ್ತಿರ ತಂದರು. ಇಂದು ನಾಯಿಗಳ ಭಯಕ್ಕೆ ಒಳ್ಳೆಯ ತರಬೇತುದಾರರು ಮಾಡಿಸುವುದೂ ಇದನ್ನೇ. ಇದರಲ್ಲಿ ಕಷ್ಟದ ಭಾಗವೆಂದರೆ ದೂರವನ್ನು ನಿರ್ಧರಿಸುವವರು ನಾವಲ್ಲ. ನಮ್ಮ ಅವಸರಕ್ಕೆ ಅರ್ಧ ಅಡಿ ಮುಂದೆ ಸರಿಸಿದರೂ ಹಿಂದೆ ಹೋಗಬೇಕಾಗುತ್ತದೆ. ಅವರು ಮತ್ತೆ ಮತ್ತೆ ಬಂದರು. ಪ್ರತಿ ಸಲವೂ ಹಾಗೇ ಕೂತರು.

ಅವರ ಹಿರಿಯ ನಾಯಿಯನ್ನು ಪರಿಚಯಿಸಿದ್ದು ಬಯಲಿನಲ್ಲಿ, ಎರಡನ್ನೂ ದೂರದಲ್ಲಿ ಒಂದೇ ದಿಕ್ಕಿಗೆ ನಡೆಸುತ್ತಾ. ಮುಖಾಮುಖಿ ನಿಲ್ಲಿಸಲಿಲ್ಲ, ಲೀಶ್ ಬಿಗಿ ಹಿಡಿಯಲಿಲ್ಲ. ಚುಕ್ಕಿ ಮೊದಲು ಆ ನಾಯಿ ಹೋದ ದಾರಿಯ ವಾಸನೆ ಹಿಡಿದಳು, ಆಮೇಲೆ ಅದರ ಹಿಂದೆ ಹೋದಳು, ಆಮೇಲೆ ಅದರ ಪಕ್ಕ. ಆ ನಾಯಿ ತನ್ನ ಒಡತಿಯ ಕೈ ಮೂಸಿ ಬಾಲ ಅಲ್ಲಾಡಿಸಿದಾಗ ಚುಕ್ಕಿ ನಿಂತು ನೋಡಿದಳು. ಧೈರ್ಯದ ನಾಯಿಯನ್ನು ನೋಡಿ ಅಂಜುವ ನಾಯಿ ಕಲಿಯುವಷ್ಟನ್ನು ಮನುಷ್ಯರು ಕಲಿಸಲಾರರು. ಆದರೆ ಇದರ ಭಾರವೆಲ್ಲ ಹಳೆಯ ನಾಯಿಯ ಮೇಲೆ ಬೀಳಬಾರದು. ಅದಕ್ಕೂ ಅದರದೇ ಹಾಸಿಗೆ, ಅದರದೇ ತಟ್ಟೆ, ಒಂಟಿಯಾಗಿ ಒಡತಿಯ ಜೊತೆ ಒಂದಿಷ್ಟು ಹೊತ್ತು ಸಿಗಬೇಕು. ಅವರ ತಮ್ಮ ಈ ವಿಷಯವನ್ನು ತಾವೇ ಎತ್ತಿದರು. ಆ ಮನೆಯ ಬಗ್ಗೆ ನನಗಿದ್ದ ಕೊನೆಯ ಅಳುಕು ಆಗ ಹೋಯಿತು.

ಈ ಹೊತ್ತಿಗೆ ಬಹಳ ಜನ ಕೇಳಿದ್ದರು: "ನಿಮ್ಮನ್ನು ಇಷ್ಟು ಹಚ್ಚಿಕೊಂಡಿದ್ದಾಳೆ, ನೀವೇ ಇಟ್ಟುಕೊಳ್ಳಬಹುದಲ್ಲ? ಮತ್ತೆ ಅವಳನ್ನು ಕಿತ್ತು ಬೇರೆಡೆ ಹಾಕುವುದು ಸರಿಯೇ?" ಈ ಪ್ರಶ್ನೆ ನನ್ನನ್ನು ರಾತ್ರಿಗಳಲ್ಲಿ ಕಾಡಿದ್ದು ನಿಜ. ಹೊತ್ತುಹೊತ್ತಿಗೂ ಬಾಗಿಲು ಬಡಿಯುವ, ಸದಾ ಜನ ಓಡಾಡುವ ನನ್ನ ಮನೆಯಲ್ಲಿ ಬೇರೆ ನಾಯಿಯಿಲ್ಲ. ಚುಕ್ಕಿ ನನ್ನನ್ನು ನಂಬಿದ್ದಳು, ಆದರೆ ನನ್ನ ಮನೆಯನ್ನು ಸಹಿಸಿಕೊಂಡಿದ್ದಳು. ನನ್ನ ಮೇಲಿನ ಅವಳ ನಂಬಿಕೆ ಕಳೆದುಹೋಗುತ್ತದೆ ಎಂಬ ದುಃಖ ನನ್ನದು. ಅವಳಿಗೆ ಯಾವುದು ಒಳ್ಳೆಯದು ಎಂದು ನಿರ್ಧರಿಸುವಾಗ ಆ ದುಃಖಕ್ಕೆ ಮತ ಇರಬಾರದು ಅನಿಸಿತು. ಒಬ್ಬ ಮನುಷ್ಯನನ್ನು ನಂಬಲು ಕಲಿತ ನಾಯಿಗೆ ಎರಡನೆಯವರನ್ನು ನಂಬಲು ಮೊದಲಿನಷ್ಟು ಕಾಲ ಬೇಕಾಗುವುದಿಲ್ಲ ಎಂಬುದನ್ನು ಹಲವು ಫಾಸ್ಟರ್ ನಾಯಿಗಳಲ್ಲಿ ಕಂಡಿದ್ದೇನೆ. ಆ ಭರವಸೆಯೂ ಇತ್ತು.

ಹಸ್ತಾಂತರದ ಸಿದ್ಧತೆಯಲ್ಲಿ ನಾವು ಹೆಚ್ಚು ತಲೆಕೆಡಿಸಿಕೊಂಡದ್ದು ಬಾಗಿಲಿನ ಬಗ್ಗೆ. ಅಂಜುವ ನಾಯಿ ಹೊಸ ಮನೆಗೆ ಹೋದ ಮೊದಲ ದಿನಗಳಲ್ಲೇ ತಪ್ಪಿಸಿಕೊಂಡು ಓಡುವ ಅಪಾಯ ಹೆಚ್ಚು. ಅದಕ್ಕೆ ಓಡಿಹೋಗಲು ಮನೆ ಇರುವುದಿಲ್ಲ, ಕರೆದರೆ ಮರಳಿ ಬರುವಷ್ಟು ಪರಿಚಯವೂ ಇರುವುದಿಲ್ಲ. ಹಾಗಾಗಿ ಮುಂಬಾಗಿಲಿಗೂ ಅವಳಿಗೂ ನಡುವೆ ಇನ್ನೊಂದು ಗೇಟು. ಒಂದು ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲ. ಹೊರಗೆ ಹೋಗುವಾಗ ಎರಡು ಲೀಶ್, ಒಂದು ಎದೆ-ಬೆನ್ನಿನ ಸುತ್ತ ಕಟ್ಟುವ ಹಾರ್ನೆಸ್‌ಗೆ, ಇನ್ನೊಂದು ಕೊರಳಪಟ್ಟಿಗೆ. ಹೆದರಿ ಹಿಂದಕ್ಕೆ ಎಳೆದುಕೊಳ್ಳುವ ನಾಯಿ ಸಾಮಾನ್ಯ ಹಾರ್ನೆಸ್‌ನಿಂದ ಕ್ಷಣಮಾತ್ರದಲ್ಲಿ ನುಣುಚಿಕೊಳ್ಳುತ್ತದೆ, ಅದಕ್ಕೇ ಪಕ್ಕೆಲುಬಿನ ಹಿಂದೆ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ಆರಿಸಿದೆವು. ಚರ್ಮದಡಿ ಕೂರಿಸಿದ ಗುರುತಿನ ಮೈಕ್ರೋಚಿಪ್‌ನ ಹದಿನೈದು ಅಂಕಿಗಳ ಸಂಖ್ಯೆಗೆ ಹೊಸ ಮನೆಯವರ ಫೋನ್ ಸಂಖ್ಯೆ ಜೋಡಿಸಿದ್ದು ಅವಳು ಹೊರಡುವ ಮೊದಲೇ. ಚಿಪ್ ಇದ್ದೂ ಹಳೆಯ ನಂಬರ್ ಉಳಿದುಹೋದರೆ ಅದು ಇದ್ದೂ ಇಲ್ಲದಂತೆ. ಅವಳ ಹಾಸುಬಟ್ಟೆಯನ್ನು ಒಗೆಯದೆ ಹಾಗೆಯೇ ಕೊಟ್ಟೆ.

ಔಷಧದ ಮಾತನ್ನೂ ಮುಚ್ಚಿಡಲಿಲ್ಲ. ಚುಕ್ಕಿಗೆ ಪಶುವೈದ್ಯರು ಫ್ಲೂಆಕ್ಸೆಟಿನ್ ಕೊಡುತ್ತಿದ್ದರು. ಒಂಟಿಯಾಗಿ ಬಿಟ್ಟಾಗ ನಾಯಿಗಳಿಗಾಗುವ ಆತಂಕಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು 2007ರಲ್ಲಿ ಒಪ್ಪಿತ್ತು. ಬೇರೆ ಬಗೆಯ ಆತಂಕಗಳಿಗೂ ವೈದ್ಯರು ಪರೀಕ್ಷಿಸಿ ಕೊಡುವುದುಂಟು. ಗುಣ ಕಾಣಲು ವಾರಗಳೇ ಬೇಕು, ಇದ್ದಕ್ಕಿದ್ದಂತೆ ನಿಲ್ಲಿಸುವಂತಿಲ್ಲ. "ಮಾತ್ರೆ ಕೊಟ್ಟು ನಾಯಿಯನ್ನು ಮಂಕು ಮಾಡುತ್ತಾರೆ" ಎನ್ನುವವರಿದ್ದಾರೆ. ನಾನು ಕಂಡದ್ದು ಬೇರೆ. ಭಯ ಸ್ವಲ್ಪ ತಗ್ಗಿದಾಗ ಮಾತ್ರ ಅವಳಿಗೆ ಹೊಸದನ್ನು ಕಲಿಯಲು ಆಗುತ್ತಿತ್ತು. ಔಷಧ ಅವಳಿಗೆ ಧೈರ್ಯ ಕೊಡಲಿಲ್ಲ, ಧೈರ್ಯ ಕಲಿಯಲು ಅವಕಾಶ ಕೊಟ್ಟಿತು. ಅದರ ಬಗ್ಗೆ ನಾಚಿಕೊಳ್ಳುವ ಮನೆಗೆ ಅವಳು ಹೋಗಿದ್ದರೆ ಮೊದಲ ವಾರವೇ ಮಾತ್ರೆ ನಿಂತುಹೋಗುತ್ತಿತ್ತೇನೋ.

ಕಾಯಂ ಕಾಗದಗಳಿಗೆ ಸಹಿ ಹಾಕುವ ಮೊದಲು ಒಂದಷ್ಟು ಕಾಲ ಫಾಸ್ಟರ್ ಎಂದೇ ಇಟ್ಟುಕೊಳ್ಳಲಿ ಎಂದು ಮಾತಾಯಿತು. ಹೊಂದದಿದ್ದರೆ ಯಾವ ಹೊತ್ತಿನಲ್ಲಾದರೂ ನನ್ನಲ್ಲಿಗೇ ಮರಳಿ ತರಬೇಕು, ಬೇರೆ ಯಾರಿಗೂ ದಾಟಿಸಬಾರದು ಎಂದು ಬರೆದುಕೊಂಡೆವು. ಮರಳಿ ತರುವುದನ್ನು ಸೋಲು ಎಂದುಕೊಳ್ಳಬೇಡಿ ಎಂದು ನಾನು ಪ್ರತಿಯೊಬ್ಬ ದತ್ತುದಾರರಿಗೂ ಹೇಳುತ್ತೇನೆ. ನಾಚಿಕೆಗೆ ಅಂಜಿ ನಾಯಿಯನ್ನು ಹೊಂದದ ಮನೆಯಲ್ಲೇ ವರ್ಷಗಟ್ಟಲೆ ಇಟ್ಟುಕೊಳ್ಳುವುದರಿಂದ ಎರಡೂ ಕಡೆ ನರಕ. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ರೆಸ್ಕ್ಯೂ ವಲಯದಲ್ಲಿ ಒಂದು ಲೆಕ್ಕ ಹೇಳುತ್ತಾರೆ: ಗಾಬರಿ ಇಳಿಯಲು, ದಿನಚರಿ ಹಿಡಿಯಲು, ಮನೆ ತನ್ನದೆನ್ನಿಸಲು. ಜನರಿಗೆ ತಾಳ್ಮೆ ಹೇಳಲು ಒಳ್ಳೆಯದೇ. ಆದರೆ ಚುಕ್ಕಿಯಂಥವರಿಗೆ ಅದನ್ನು ಗಡುವಿನಂತೆ ಓದಬಾರದು ಎಂದು ಅವರಿಗೆ ಹೇಳಿದೆ. ಮೂರು ತಿಂಗಳಿಗೂ ಮಂಚದ ಸಂದಿಯಲ್ಲಿರುವ ನಾಯಿ ಹಿಂದೆ ಬಿದ್ದಿಲ್ಲ.

ಅವಳು ಅಲ್ಲಿ ಹೊಸ ಸಂದಿ ಹುಡುಕಿಕೊಂಡಳು, ಊಟದ ಮೇಜಿನ ಹಿಂದೆ. ಅವರು ಅಲ್ಲಿಗೆ ಅವಳ ಹಾಸನ್ನು ಸರಿಸಿ, ಆ ಮೂಲೆಗೆ ಯಾರೂ ಕೈಹಾಕಬಾರದು ಎಂದು ಮನೆಗೆಲ್ಲ ನಿಯಮ ಮಾಡಿದರು. ಸ್ವಲ್ಪ ಕಾಲದ ನಂತರ ಆಕೆ ಕರೆ ಮಾಡಿದಾಗ ದನಿಯಲ್ಲಿ ಸಂಭ್ರಮವಿತ್ತು. ಬಂದ ನೆಂಟರೊಬ್ಬರು ಬಗ್ಗಿ ಕೈಚಾಚಿದಾಗ ಚುಕ್ಕಿ ಮರಗಟ್ಟದೆ ಎದ್ದು ಬೇರೆ ಕೋಣೆಗೆ ನಡೆದುಹೋದಳಂತೆ. ಇನ್ನೊಂದು ದಿನ, ಹಿರಿಯ ನಾಯಿ ಅವಳ ಹಾಸಿನ ಮೇಲೆ ಕಾಲಿಟ್ಟಾಗ ಸಣ್ಣಗೆ ಗುರ್ ಎಂದಳಂತೆ; ಅದು ಹಿಂದೆ ಸರಿಯಿತು. ಬೇರೆ ಮನೆಯವರಾಗಿದ್ದರೆ ಇವೆರಡನ್ನೂ ದೂರೆಂದು ಹೇಳುತ್ತಿದ್ದರು. ಬೇಡ ಎನ್ನಬಹುದು, ಬೇಡ ಎಂದರೆ ಕೇಳುತ್ತಾರೆ ಎಂದು ಅವಳಿಗೆ ತಿಳಿದಿತ್ತು. ಫೋನಿಟ್ಟು ನಾನು ಅತ್ತುಬಿಟ್ಟೆ.

ಅವಳು ಈಗಲೂ ಮಳೆಕೋಟಿಗೆ ಹೆದರುತ್ತಾಳೆ. ಗುಡುಗಿದರೆ ಈಗಲೂ ಮೇಜಿನ ಹಿಂದೆಯೇ. ಆಕೆ ಹತ್ತಿರ ಕೂತು ಮೆಲ್ಲಗೆ ಮಾತಾಡುತ್ತಾರೆ, ಚುಕ್ಕಿ ಒರಗಿಕೊಂಡರೆ ಬೆನ್ನು ಸವರುತ್ತಾರೆ. ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದರಂತೆ, ನಿಜವೇ ಎಂದು ಕೇಳಿದರು. ಭಯ ಒಂದು ಭಾವನೆ, ಸಾಂತ್ವನ ಸಿಕ್ಕಿದ್ದಕ್ಕೆ ಅದು ಬೆಳೆಯುವುದಿಲ್ಲ, ಅವಳಾಗಿ ಕೇಳಿ ಬಂದಾಗ ಧಾರಾಳವಾಗಿ ಕೊಡಿ ಎಂದೆ. ಕಾಯಂ ಕಾಗದಕ್ಕೆ ಅವರು ಸಹಿ ಹಾಕಿದ್ದಾರೆ.

ಚಿತ್ರ ಬಿಡಿಸಿ ತಂದಿದ್ದ ಹುಡುಗನ ಮನೆಯವರನ್ನು ನಾನು ಮರೆತಿರಲಿಲ್ಲ. ಶೆಲ್ಟರ್‌ನಲ್ಲಿ ಕಂದು ಬಣ್ಣದ ಒಂದು ಗಂಡು ನಾಯಿ ಇತ್ತು. ಅವನಿಗೆ ಚೆಂಡು, ಮಕ್ಕಳು, ಗದ್ದಲ ಎಲ್ಲ ಬೇಕು. ಕೆನಲ್‌ನ ಬಾಗಿಲಿಗೆ ಸದಾ ಮೂಗು ಒತ್ತಿಕೊಂಡು, ಹೋಗಿಬರುವವರನ್ನೆಲ್ಲ ಕರೆಯುತ್ತಿದ್ದ. ಆ ತಾಯಿಗೆ ಫೋನ್ ಮಾಡಿ ಅವನ ಬಗ್ಗೆ ಹೇಳಿದೆ. ಮಾರನೆಯ ವಾರ ನಾಲ್ವರೂ ಬಂದು ಅವನನ್ನು ಕರೆದುಕೊಂಡು ಹೋದರು.